ಬಡವರ ಪಾಲಿಗೆ ಒಂದು ಕ್ವಿಂಟಾಲ್

ಜಗತ್ತಿನಲ್ಲಿ ವರ್ಷವೊಂದಕ್ಕೆ ಹಂಚಿಕೆಯಾಗುವ ಮಾರ್ಫಿನ್ ಮತ್ತು ಅದೇ ಜಾತಿಯ ನೋವುನಿವಾರಕಗಳನ್ನೆಲ್ಲ ಮಾರ್ಫಿನ್ ಲೆಕ್ಕಕ್ಕೆ ತಂದು ಒಂದೇ ತಕ್ಕಡಿಯಲ್ಲಿ ತೂಗಿದರೆ 2,985 ಕ್ವಿಂಟಾಲ್ ಆಗುತ್ತದೆ. ಅದರಲ್ಲಿ ಭೂಮಿಯ ಮೇಲಿನ ಅತಿ ಬಡ ದೇಶಗಳಿಗೆಲ್ಲ ಸೇರಿ ತಲುಪುವುದು ಒಂದು ಕ್ವಿಂಟಾಲ್.

ಅಚ್ಚಿನ ತಪ್ಪಲ್ಲ. ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ ನೇಮಿಸಿದ್ದ, ಫೆಲಿಸಿಯಾ ಕ್ನಾಲ್ ಅಧ್ಯಕ್ಷತೆಯ ಆಯೋಗವೊಂದು 2010ರಿಂದ 2013ರವರೆಗಿನ ಲೆಕ್ಕಗಳ ಸರಾಸರಿ ತೆಗೆದು 2017ರಲ್ಲಿ ಪ್ರಕಟಿಸಿದ ಅಂಕಿ ಇದು. ಆಯೋಗ ಹೇಳಿದ್ದು ಟನ್ನುಗಳಲ್ಲಿ: ಒಟ್ಟು 298.5 ಟನ್, ಬಡ ದೇಶಗಳಿಗೆ 0.1 ಟನ್. ದಶಾಂಶದ ಚುಕ್ಕಿಯ ಹಿಂದೆ ಅವಿತುಕೊಂಡ ಅಂಕಿ ಕಣ್ಣಿಗೆ ಬೀಳುವುದಿಲ್ಲ. ರೈತರ ಅಳತೆಗೆ ಇಳಿಸಿದರೆ ಬೀಳುತ್ತದೆ. ಇನ್ನೂ ಕೆಳಗೆ, ಮಾತ್ರೆಯ ಅಳತೆಗೆ ಇಳಿಸೋಣ. ಮಾರ್ಫಿನ್ ಮಾತ್ರೆಯಲ್ಲಿ ಸಾಮಾನ್ಯವಾಗಿ ಇರುವುದು 10 ಮಿಲಿಗ್ರಾಂ. ಆ ಲೆಕ್ಕದಲ್ಲಿ ಜಗತ್ತಿನದು 2,985 ಕೋಟಿ ಮಾತ್ರೆ, ಬಡ ದೇಶಗಳದು ಒಂದು ಕೋಟಿ. ಅಲ್ಲಿ ಬದುಕುವವರು 60 ಕೋಟಿಗೂ ಹೆಚ್ಚು ಜನ. ಅರವತ್ತು ಜನರ ನಡುವೆ ವರ್ಷಕ್ಕೆ ಒಂದು ಮಾತ್ರೆ ಸಿಕ್ಕರೆ ಹೆಚ್ಚು.

ಅರವತ್ತರಲ್ಲಿ ಎಲ್ಲರಿಗೂ ಮಾರ್ಫಿನ್ ಬೇಕಾಗುವುದಿಲ್ಲ ಎನ್ನಬಹುದು. ನಿಜ. ಬೇಕಾದವರನ್ನೇ ಎಣಿಸೋಣ. 2015ರಲ್ಲಿ ಜಗತ್ತಿನಲ್ಲಿ ಸತ್ತವರು 5.62 ಕೋಟಿ. ಅವರಲ್ಲಿ 2.55 ಕೋಟಿ ಜನ ಸಾಯುವ ಮುನ್ನ ತೀವ್ರ ನೋವು, ಉಸಿರಾಟದ ಕಷ್ಟ, ಸಂಕಟಗಳನ್ನು ಅನುಭವಿಸಿದರು ಎಂಬುದು ಅದೇ ಆಯೋಗದ ಅಂದಾಜು. ಸಾಯದೆ ಅಂಥ ಸಂಕಟದಲ್ಲೇ ಬದುಕಿದವರು ಇನ್ನೂ 3.55 ಕೋಟಿ. ಒಟ್ಟು 6.1 ಕೋಟಿ ಜನ. ಸರಿಸುಮಾರು ಕರ್ನಾಟಕದ ಜನಸಂಖ್ಯೆಯಷ್ಟು. ಇವರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಇದ್ದುದು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ಹಾಗೆ ಸಂಕಟಪಟ್ಟು ಸತ್ತವರಲ್ಲಿ ಸುಮಾರು 25 ಲಕ್ಷ ಮಕ್ಕಳೂ ಇದ್ದರು.

ದೇಶಗಳ ನಡುವಿನ ಅಂತರವನ್ನು ಇದೇ ಆಯೋಗ ಇನ್ನೊಂದು ರೀತಿಯಲ್ಲಿ ಲೆಕ್ಕ ಹಾಕಿತು. ಆರೈಕೆ ಬೇಕಾದ ಒಬ್ಬೊಬ್ಬ ರೋಗಿಯ ತಲೆಗೆ ವರ್ಷಕ್ಕೆ ಎಷ್ಟು ಮಿಲಿಗ್ರಾಂ ಬರುತ್ತದೆ? ಕೆನಡಾದಲ್ಲಿ 68,194. ಅಮೆರಿಕದಲ್ಲಿ 55,704. ಪಶ್ಚಿಮ ಯುರೋಪಿನಲ್ಲಿ 18,316. ಚೀನಾದಲ್ಲಿ 314. ಭಾರತದಲ್ಲಿ 43.

ಮಿಲಿಗ್ರಾಂ ಎಂಬುದು ನೋವಿನ ಅಳತೆಯಲ್ಲ. ನೋವಿಗೆ ಗಡಿಯಾರವೇ ಸರಿಯಾದ ಅಳತೆ. ಬಾಯಿಂದ ನುಂಗುವ ಸಾದಾ ಮಾರ್ಫಿನ್ ಕೆಲಸ ಮಾಡುವುದು ಸುಮಾರು ನಾಲ್ಕು ಗಂಟೆ. ಕ್ಯಾನ್ಸರ್ ನೋವಿನ ರೋಗಿಗೆ ನಾಲ್ಕು ಗಂಟೆಗೊಮ್ಮೆ 10 ಮಿಲಿಗ್ರಾಂ ಬೇಕು ಎಂದಿಟ್ಟುಕೊಳ್ಳೋಣ. ಇದು ದೊಡ್ಡ ಪ್ರಮಾಣವೇನಲ್ಲ. ಕೆನಡಾದ ರೋಗಿಯ ಒಂದು ವರ್ಷದ ಪಾಲು ಮೂರು ವರ್ಷಕ್ಕೂ ಹೆಚ್ಚು ಕಾಲ ಬರುತ್ತದೆ. ಅಮೆರಿಕದವನದು ಎರಡೂವರೆ ವರ್ಷ. ಭಾರತದ ರೋಗಿ ಬೆಳಗ್ಗೆ ಆರಕ್ಕೆ ಮೊದಲ ಮಾತ್ರೆ ನುಂಗಿದರೆ ಸಂಜೆ ಆರಕ್ಕೆ ನಾಲ್ಕನೆಯದು. ರಾತ್ರಿ ಹತ್ತರ ಹೊತ್ತಿಗೆ ಅವನ ಪಾಲು ತೀರಿತು. ಮಿಕ್ಕ 364 ದಿನ ಅವನ ಬಳಿ ಏನೂ ಇಲ್ಲ. ಹೈಟಿಯವನಿಗೆ ಸಿಗುವುದು 5 ಮಿಲಿಗ್ರಾಂ, ಎರಡು ಗಂಟೆ. ಅಫ್ಘಾನಿಸ್ತಾನದವನಿಗೆ 2.4 ಮಿಲಿಗ್ರಾಂ, 58 ನಿಮಿಷ. ನೈಜೀರಿಯಾದವನಿಗೆ 0.8 ಮಿಲಿಗ್ರಾಂ, 19 ನಿಮಿಷ.

ಅಫ್ಘಾನಿಸ್ತಾನದ ಅಂಕಿಯ ಮುಂದೆ ಒಂದು ಕ್ಷಣ ನಿಲ್ಲಬೇಕು. 2013ರಲ್ಲಿ ಆ ದೇಶದ ಹೊಲಗಳಲ್ಲಿ ಸುಮಾರು 5,500 ಟನ್ ಅಫೀಮು ಬೆಳೆದಿತ್ತು ಎಂದು ವಿಶ್ವಸಂಸ್ಥೆಯ ಸಮೀಕ್ಷೆ ಹೇಳುತ್ತದೆ. ಆಗ ಜಗತ್ತಿನ ಕಳ್ಳ ಅಫೀಮಿನ ಬಹುಪಾಲು ಅದೇ. ಅಫೀಮಿನ ತೂಕದಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಮಾರ್ಫಿನ್. ಅಷ್ಟೆಲ್ಲ ಬೆಳೆದ ನೆಲದ ರೋಗಿಗೆ ವರ್ಷಕ್ಕೆ ಒಂದು ಗಂಟೆಯ ನೆಮ್ಮದಿಯೂ ಪೂರ್ತಿ ಸಿಗಲಿಲ್ಲ.

ಅವರನ್ನು ನೋಡಿ ಮರುಗುವ ಮೊದಲು ನಮ್ಮ ಹೊಲಗಳನ್ನೂ ನೋಡಿಕೊಳ್ಳಬೇಕು. ಹಬ್ಬಕ್ಕೆ ನಾವು ಪಾಯಸ ಮಾಡುವ ಗಸಗಸೆಯೂ ಮಾರ್ಫಿನ್ನೂ ಒಂದೇ ಗಿಡದ ಒಂದೇ ಕಾಯಿಯಿಂದ ಬರುವಂಥವು. ಕಾಯಿಯ ಒಳಗಿನ ಬೀಜ ಗಸಗಸೆ. ಹಸಿ ಕಾಯಿಯ ಸಿಪ್ಪೆಗೆ ಗೀರು ಹಾಕಿದಾಗ ಒಸರಿ ಅಂಟಾಗುವ ಹಾಲು ಅಫೀಮು. ಬೀಜ ಊರೂರಿನ ಕಿರಾಣಿ ಅಂಗಡಿಯಲ್ಲಿ ನೂರು ಗ್ರಾಂ, ಐವತ್ತು ಗ್ರಾಂ ಲೆಕ್ಕದಲ್ಲಿ ಸಿಗುತ್ತದೆ. ಹಾಲಿನಿಂದ ತೆಗೆದ ಔಷಧಿಯನ್ನು ಕೇಳಿಕೊಂಡು ಅದೇ ಊರಿನ ಮೆಡಿಕಲ್ ಶಾಪಿಗೆ ಹೋಗಿ ನೋಡಿ. ದೇಶದಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಔಷಧಿ ಅಂಗಡಿಗಳಿವೆ ಎಂದು ವರ್ತಕರ ಸಂಘವೇ ಹೇಳಿಕೊಳ್ಳುತ್ತದೆ. ಹುಡುಕಿದರೂ ಮಾರ್ಫಿನ್ ಇಟ್ಟ ಅಂಗಡಿ ಕಾಣುವುದು ಅಪರೂಪ.

ಭಾರತ ಅಫೀಮಿಗೆ ಹೊಸಬನಲ್ಲ. ಮಧ್ಯಪ್ರದೇಶದ ಮಂದಸೌರ್, ನೀಮಚ್, ರತ್ಲಾಮ್, ರಾಜಸ್ಥಾನದ ಚಿತ್ತೋಡಗಢ, ಪ್ರತಾಪಗಢ, ಝಾಲಾವಾಡ, ಉತ್ತರಪ್ರದೇಶದ ಬಾರಾಬಂಕಿ ಕಡೆಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ರೈತರು ಕೇಂದ್ರ ಸರ್ಕಾರದ ಲೈಸೆನ್ಸ್ ಪಡೆದು ಗಸಗಸೆ ಗಿಡ ಬೆಳೆಯುತ್ತಾರೆ. ಕಾಯಿಯಿಂದ ಅಂಟನ್ನು ತೆಗೆದು ಕಾನೂನುಬದ್ಧವಾಗಿ ಹೊರದೇಶಕ್ಕೆ ಮಾರುವ ದೇಶ ಜಗತ್ತಿನಲ್ಲಿ ನಮ್ಮದೊಂದೇ. ಘಾಜೀಪುರದ ಸರ್ಕಾರಿ ಕಾರ್ಖಾನೆ 1820ರಿಂದ ನಡೆದುಕೊಂಡು ಬಂದಿದೆ, ಇನ್ನೊಂದು ನೀಮಚ್‌ನಲ್ಲಿದೆ. 1981ರಿಂದ ಅಮೆರಿಕದಲ್ಲಿ ಒಂದು ನಿಯಮವೇ ಇದೆ: ಔಷಧಿಗೆ ತರಿಸಿಕೊಳ್ಳುವ ಅಫೀಮು ಕಚ್ಚಾವಸ್ತುವಿನಲ್ಲಿ ಶೇ 80ರಷ್ಟನ್ನು ಭಾರತ ಮತ್ತು ಟರ್ಕಿಯಿಂದಲೇ ಕೊಳ್ಳಬೇಕು. ಅಮೆರಿಕದ ರೋಗಿಯ ಎರಡೂವರೆ ವರ್ಷದ ಪಾಲಿನಲ್ಲಿ ನೀಮಚ್ ಸೀಮೆಯ ರೈತನ ಬೆವರೂ ಇದೆ ಎಂದಾಯಿತು.

ಆ ರೈತನ ಹೊಲದಲ್ಲೇ ಒಂದು ಲೆಕ್ಕ ಮಾಡಬಹುದು. ಲೈಸೆನ್ಸ್ ಸಿಗುವುದು ಸಾಮಾನ್ಯವಾಗಿ 0.10 ಹೆಕ್ಟೇರಿಗೆ. ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆ. ಅಂಟು ತೆಗೆಯುವ ರೈತ ಲೈಸೆನ್ಸ್ ಉಳಿಸಿಕೊಳ್ಳಬೇಕಾದರೆ ಹೆಕ್ಟೇರಿಗೆ 4.2 ಕಿಲೋ ಮಾರ್ಫಿನ್ ಸಿಗುವಷ್ಟು ಅಫೀಮನ್ನು ಸರ್ಕಾರಕ್ಕೆ ಒಪ್ಪಿಸಬೇಕು ಎಂಬುದು ಈಚಿನ ವರ್ಷಗಳ ನಿಯಮ. ಹತ್ತು ಗುಂಟೆಗೆ 420 ಗ್ರಾಂ ಆಯಿತು. ಕಾರ್ಖಾನೆಯಲ್ಲಿ ಕಳೆದುಹೋಗುವುದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ 42,000 ಮಾತ್ರೆ. ದಿನಕ್ಕೆ ಆರರಂತೆ ಕೊನೆಯ ಮೂರು ತಿಂಗಳಿಗೆ ಒಬ್ಬ ರೋಗಿಗೆ ಬೇಕಾಗುವುದು 540. ಹತ್ತು ಗುಂಟೆ ನೆಲ 77 ಜನರ ಕೊನೆಯ ಮೂರು ತಿಂಗಳನ್ನು ಸಹನೀಯ ಮಾಡಬಲ್ಲದು.

ಇಡೀ ದೇಶದ ಕ್ಯಾನ್ಸರ್ ರೋಗಿಗಳಿಗೆ ಎಷ್ಟು ಬೇಕು? ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಕ್ಯಾನ್ಸರಿನಿಂದ ಸತ್ತವರು 9.16 ಲಕ್ಷ. ಕೊನೆಯ ಹಂತದ ಹತ್ತು ರೋಗಿಗಳಲ್ಲಿ ಎಂಟು ಮಂದಿಗೆ ಮಧ್ಯಮದಿಂದ ತೀವ್ರ ನೋವು ಇರುತ್ತದೆ ಎಂಬುದು ವೈದ್ಯರು ಒಪ್ಪಿದ ಲೆಕ್ಕ. ಅವರೆಲ್ಲರಿಗೂ ಮೂರು ತಿಂಗಳು ಕೊಟ್ಟರೆ ಸುಮಾರು 40 ಕ್ವಿಂಟಾಲ್ ಬೇಕು. ಹತ್ತು ಸಾವಿರಕ್ಕೂ ಕಡಿಮೆ ರೈತರ ಹತ್ತತ್ತು ಗುಂಟೆ ಸಾಕು. ಲೈಸೆನ್ಸ್ ಇರುವವರು ಲಕ್ಷಕ್ಕೂ ಹೆಚ್ಚು ಮಂದಿ.

ಹಾಗಾದರೆ ಇದು ಬೆಳೆಯ ಕೊರತೆಯಲ್ಲ. ಜ್ಞಾನದ ಕೊರತೆಯೂ ಅಲ್ಲ. ಜರ್ಮನಿಯ ಪಾಡರ್‌ಬಾರ್ನ್ ಊರಿನ ಔಷಧಿ ಅಂಗಡಿಯಲ್ಲಿ ಸಹಾಯಕನಾಗಿದ್ದ ಫ್ರೀಡ್ರಿಕ್ ಸೆರ್ಟರ್ನರ್ ಎಂಬ ಇಪ್ಪತ್ತರ ಆಸುಪಾಸಿನ ಹುಡುಗ ಅಫೀಮಿನಿಂದ ಮಾರ್ಫಿನ್ ಬೇರ್ಪಡಿಸಿ ಇನ್ನೂರು ವರ್ಷ ದಾಟಿದೆ. 1827ರ ಹೊತ್ತಿಗೆ ಮರ್ಕ್ ಕಂಪನಿ ಅದನ್ನು ಮಾರಾಟಕ್ಕೆ ತಯಾರಿಸುತ್ತಿತ್ತು. ಪೇಟೆಂಟ್ ಇಲ್ಲ, ರಹಸ್ಯ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 1977ರಲ್ಲಿ ಹೊರಡಿಸಿದ ಮೊದಲ ಅಗತ್ಯ ಔಷಧಿಗಳ ಪಟ್ಟಿಯಲ್ಲೇ ಅದರ ಹೆಸರಿತ್ತು. ನೋವು ಬಂದು ರೋಗಿ ಕೂಗಿದ ಮೇಲಲ್ಲ, ಗಡಿಯಾರ ನೋಡಿ ಹೊತ್ತುಹೊತ್ತಿಗೆ ಕೊಡಬೇಕು ಎಂಬುದನ್ನು 1967ರಲ್ಲಿ ಲಂಡನ್ನಿನಲ್ಲಿ ಕೊನೆಯ ದಿನಗಳ ರೋಗಿಗಳ ಆರೈಕೆಗೆಂದು ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದ ಸಿಸಿಲಿ ಸಾಂಡರ್ಸ್ ತೋರಿಸಿಕೊಟ್ಟರು. 1986ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಮೂರು ಮೆಟ್ಟಿಲಿನ ಸರಳ ವಿಧಾನವನ್ನು ಪ್ರಕಟಿಸಿತು: ಸಾದಾ ನೋವಿಗೆ ಸಾದಾ ಮಾತ್ರೆ, ಹೆಚ್ಚಿದರೆ ಕೋಡೀನ್‌ನಂಥದ್ದು, ಇನ್ನೂ ಹೆಚ್ಚಿದರೆ ಮಾರ್ಫಿನ್. ಇಷ್ಟು ಅಗ್ಗದ, ಇಷ್ಟು ಹಳೆಯ, ಇಷ್ಟು ಚೆನ್ನಾಗಿ ಅರಿತ ಔಷಧಿಗಳು ಹೆಚ್ಚಿಲ್ಲ.

ಹಾಗಿದ್ದೂ ಜಗತ್ತಿನಲ್ಲಿ ತಯಾರಾಗುವ ಮಾರ್ಫಿನ್‌ನಲ್ಲಿ ಬಹುಪಾಲು ಮಾರ್ಫಿನ್ನಾಗಿ ರೋಗಿಯನ್ನು ತಲುಪುವುದೇ ಇಲ್ಲ. ಅದನ್ನು ಕಾರ್ಖಾನೆಗಳು ಕೋಡೀನ್ ಮಾಡಿಬಿಡುತ್ತವೆ. ಕೆಮ್ಮಿನ ಸಿರಪ್ಪು, ತಲೆನೋವಿನ ಮಾತ್ರೆಗಳಿಗೆ ಸೇರುವ ಅದೇ ಕೋಡೀನ್.

ಈಗ 1985ಕ್ಕೆ ಬರೋಣ. ಮಾದಕ ವಸ್ತುಗಳ ಸಾಗಾಟ ತಡೆಯಲು ಸಂಸತ್ತು ಆ ವರ್ಷ ಎನ್‌ಡಿಪಿಎಸ್ ಕಾಯ್ದೆ ಮಾಡಿತು. ನವೆಂಬರ್ 14ರಂದು ಅದು ಜಾರಿಗೆ ಬಂತು. ಉದ್ದೇಶ ಒಳ್ಳೆಯದೇ. ಆದರೆ ಹೆರಾಯಿನ್ ಮಾರುವವನಿಗೂ ಕ್ಯಾನ್ಸರ್ ಆಸ್ಪತ್ರೆಯ ಔಷಧಿ ಉಗ್ರಾಣಕ್ಕೂ ಒಂದೇ ಬಲೆ ಬೀಸಲಾಯಿತು. ಆಗ ಕನಿಷ್ಠ ಶಿಕ್ಷೆ ಹತ್ತು ವರ್ಷ ಜೈಲು. ಆಸ್ಪತ್ರೆಯೊಂದು ಮಾರ್ಫಿನ್ ತರಿಸಬೇಕಾದರೆ ನಾಲ್ಕೈದು ಪರವಾನಗಿ ಬೇಕಿತ್ತು. ಇಟ್ಟುಕೊಳ್ಳಲು ಒಂದು, ರಾಜ್ಯದೊಳಗೆ ತರಲು ಒಂದು, ಕಳಿಸುವ ರಾಜ್ಯದಿಂದ ಹೊರಡಿಸಲು ಇನ್ನೊಂದು, ದಾರಿಯಲ್ಲಿ ಸಾಗಿಸಲು ಮತ್ತೊಂದು. ಅಬಕಾರಿ ಕಚೇರಿಗೊಂದು ಮೇಜು, ಔಷಧ ನಿಯಂತ್ರಕರ ಕಚೇರಿಗೊಂದು ಮೇಜು. ಎಲ್ಲ ಪರವಾನಗಿಗಳೂ ಒಂದೇ ಸಮಯದಲ್ಲಿ ಚಾಲ್ತಿಯಲ್ಲಿರಬೇಕಿತ್ತು. ಕೊನೆಯದು ಕೈಗೆ ಬರುವಷ್ಟರಲ್ಲಿ ಮೊದಲನೆಯದರ ಅವಧಿ ಮುಗಿದಿರುತ್ತಿತ್ತು. ಸರ್ಕಾರಿ ಕಚೇರಿ ಸುತ್ತಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪರಿಣಾಮ ಏನಾಯಿತು? ಕಾಯ್ದೆ ಬರುವ ವರ್ಷ ದೇಶದಲ್ಲಿ ಚಿಕಿತ್ಸೆಗೆ ಬಳಕೆಯಾಗುತ್ತಿದ್ದ ಮಾರ್ಫಿನ್ ಸುಮಾರು 600 ಕಿಲೋ. 1997ರಲ್ಲಿ 18 ಕಿಲೋ.

ಹದಿನೆಂಟು ಕಿಲೋ ಅಂದರೆ, ಮನೆಗೆ ತರುವ 25 ಕಿಲೋ ಅಕ್ಕಿ ಚೀಲವೂ ತುಂಬುವುದಿಲ್ಲ. ಸುಮಾರು 98 ಕೋಟಿ ಜನರ ದೇಶಕ್ಕೆ ಒಂದು ವರ್ಷದ ಮಾರ್ಫಿನ್ ಅಷ್ಟೆ. ಮಾತ್ರೆಯ ಲೆಕ್ಕದಲ್ಲಿ 18 ಲಕ್ಷ, ಐನೂರಕ್ಕೂ ಹೆಚ್ಚು ಜನರಿಗೆ ಒಂದರಂತೆ. ರೋಗಿಗಳ ಲೆಕ್ಕದಲ್ಲಿ 3,300 ಜನರ ಕೊನೆಯ ಮೂರು ತಿಂಗಳಿಗೆ ಸಾಕಾಗುವಷ್ಟು. ರೈತರ ಲೆಕ್ಕದಲ್ಲಿ, ಇವತ್ತಿನ ನಿಯಮದ ಇಳುವರಿಯಂತೆ, 43 ಜನರ ಹತ್ತು ಗುಂಟೆ ಬೆಳೆ. ಅದೇ ವರ್ಷ ಘಾಜೀಪುರ, ನೀಮಚ್‌ಗಳ ಕಾರ್ಖಾನೆಗಳಿಂದ ಟನ್‌ಗಟ್ಟಲೆ ಅಫೀಮು ಹೊರದೇಶಗಳಿಗೆ ಹೋಗುತ್ತಲೇ ಇತ್ತು. ರಫ್ತಿಗೆ ಅಡ್ಡಿಯಾಗದ ಕಾಗದಪತ್ರ ನಮ್ಮ ವಾರ್ಡಿನ ರೋಗಿಗೆ ಮಾತ್ರ ಅಡ್ಡಿಯಾಯಿತು.

ಚರಿತ್ರೆಯಿಂದ ಇನ್ನೊಂದು ಅಂಕಿ ಇಲ್ಲಿ ನೆನಪಾಗುತ್ತದೆ. 1839ರಲ್ಲಿ ಚೀನಾದ ಅಧಿಕಾರಿ ಲಿನ್ ಝೆಶು ಬ್ರಿಟಿಷ್ ವರ್ತಕರಿಂದ 20,000ಕ್ಕೂ ಹೆಚ್ಚು ಪೆಟ್ಟಿಗೆ ಅಫೀಮು ವಶಪಡಿಸಿಕೊಂಡು, ಹೂಮೆನ್ ಎಂಬಲ್ಲಿ ಗುಂಡಿ ತೋಡಿಸಿ, ಸುಣ್ಣ ಉಪ್ಪು ಸುರಿಸಿ ಕರಗಿಸಿ ಸಮುದ್ರಕ್ಕೆ ಬಿಟ್ಟ. ಸಾವಿರ ಟನ್ನಿಗೂ ಹೆಚ್ಚಿನ ಆ ಮಾಲಿನ ಬಹುಪಾಲು ಬೆಳೆದದ್ದು ಬಿಹಾರ, ಬನಾರಸ್, ಮಾಳ್ವಗಳ ರೈತರು. ಪರದೇಶದವರ ಚಟಕ್ಕೆ ಈ ನೆಲ ಅಷ್ಟು ಬೆಳೆಯಿತು. ಒಂದೂವರೆ ಶತಮಾನದ ನಂತರ ಸ್ವಂತ ರೋಗಿಗಳಿಗೆ ಕೊಟ್ಟದ್ದು ಹದಿನೆಂಟು ಕಿಲೋ.

ಕಾಗದಪತ್ರಕ್ಕಿಂತ ಗಟ್ಟಿಯಾದ ಬೀಗ ಇನ್ನೊಂದಿದೆ. ಭಯ. ಎನ್‌ಡಿಪಿಎಸ್ ಬಂದ ಮೇಲೆ ಹತ್ತಾರು ವರ್ಷಗಳಲ್ಲಿ ಎಂಬಿಬಿಎಸ್ ಮುಗಿಸಿದ ವೈದ್ಯರಲ್ಲಿ ಬಹಳಷ್ಟು ಮಂದಿ ಮಾರ್ಫಿನ್ ಮಾತ್ರೆಯನ್ನು ಕೈಯಲ್ಲಿ ಹಿಡಿದೇ ನೋಡಿರಲಿಲ್ಲ. ನೋಡದ ಔಷಧಿಯನ್ನು ಚೀಟಿಯಲ್ಲಿ ಬರೆಯುವುದು ಹೇಗೆ? ಗುಣವಾಗದ ರೋಗಿಗಳ ನೋವು, ಸಂಕಟ ತಗ್ಗಿಸುವ ಪ್ಯಾಲಿಯೇಟಿವ್ ಮೆಡಿಸಿನ್ ಎಂಬ ಎಂಡಿ ವಿಷಯಕ್ಕೆ ಮಾನ್ಯತೆ ಸಿಕ್ಕಿದ್ದೇ 2010ರಲ್ಲಿ. ಅದಕ್ಕೆ ಒಂದು ವರ್ಷ ಮೊದಲು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ದೇಶದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರಗಳನ್ನು ನೋಡಿ ಬರೆದದ್ದು ಹೀಗಿದೆ: ಅಲ್ಲಿನ ರೋಗಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಮಂದಿ ಗುಣವಾಗುವ ಹಂತ ದಾಟಿ ಬಂದವರು, ಆದರೂ ಅರ್ಧಕ್ಕಿಂತ ಹೆಚ್ಚು ಕೇಂದ್ರಗಳಲ್ಲಿ ನೋವು ಕಳೆಯುವ ವ್ಯವಸ್ಥೆಯೇ ಇಲ್ಲ. ಕ್ಯಾನ್ಸರಿಗೆಂದೇ ಕಟ್ಟಿದ ಆಸ್ಪತ್ರೆಗಳ ಮಾತಿದು. ತಾಲ್ಲೂಕು ಆಸ್ಪತ್ರೆಯ ಪಾಡು ಊಹಿಸಿಕೊಳ್ಳಿ.

ರೋಗಿ ಚಟಕ್ಕೆ ಬೀಳುತ್ತಾನೆ, ಮಾತ್ರೆ ಕಳ್ಳಸಂತೆಗೆ ಹೋಗುತ್ತದೆ ಎಂಬುದು ಭಯದ ಸಾರ. ಇದನ್ನು ಊಹೆಗೆ ಬಿಡದೆ ಲೆಕ್ಕ ಇಟ್ಟು ನೋಡಿದವರು ಕೋಳಿಕ್ಕೋಡಿನ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಅವರ ಸಂಗಡಿಗರು. 1993ರಲ್ಲಿ ಅಲ್ಲಿ ಶುರುವಾದ ಪೇನ್ ಅಂಡ್ ಪ್ಯಾಲಿಯೇಟಿವ್ ಕೇರ್ ಸೊಸೈಟಿಯಲ್ಲಿ ರೋಗಿಗಳು ಮಾರ್ಫಿನ್ ಮಾತ್ರೆಗಳನ್ನು ಮನೆಗೇ ಒಯ್ಯುತ್ತಿದ್ದರು. ಎರಡು ವರ್ಷಗಳಲ್ಲಿ ಹಾಗೆ ಒಯ್ದವರು 1,723 ಮಂದಿ. ದುರ್ಬಳಕೆಯಾದದ್ದು, ಬೇರೆ ಕೈಗೆ ದಾಟಿದ್ದು ಎಷ್ಟು? ಒಂದೂ ಕಂಡುಬರಲಿಲ್ಲ. ಈ ಫಲಿತಾಂಶ 2001ರಲ್ಲಿ ಲ್ಯಾನ್ಸೆಟ್‌ನಲ್ಲೇ ಅಚ್ಚಾಯಿತು.

ಅಮೆರಿಕದ ಅನುಭವ ಬೇರೆ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ, ಅದನ್ನು ಮುಚ್ಚಿಡಬಾರದು. 1996ರಲ್ಲಿ ಪರ್ಡ್ಯೂ ಕಂಪನಿ ಮಾರ್ಫಿನ್ ಜಾತಿಯ ಆಕ್ಸಿಕಾಂಟಿನ್ ಮಾತ್ರೆ ಬಿಡುಗಡೆ ಮಾಡಿ, ಬೆನ್ನುನೋವು, ಮಂಡಿನೋವಿಗೂ ಬರೆಯಿರಿ ಎಂದು ವೈದ್ಯರ ಬೆನ್ನು ಹತ್ತಿತು. 2012ರಲ್ಲಿ ಆ ದೇಶದ ವೈದ್ಯರು ಬರೆದ ಇಂಥ ಔಷಧಿಗಳ ಚೀಟಿ 25.5 ಕೋಟಿ, ನೂರು ಜನರಿಗೆ 81 ಚೀಟಿ. ಜಗತ್ತಿನ ಹೈಡ್ರೊಕೋಡೋನ್‌ನಲ್ಲಿ ಶೇ 99ರಷ್ಟನ್ನು ಅಮೆರಿಕವೊಂದೇ ನುಂಗುತ್ತಿತ್ತು. 1999ರಿಂದ 2021ರವರೆಗೆ, ಬೀದಿಯ ಹೆರಾಯಿನ್, ಕಳ್ಳ ಫೆಂಟನಿಲ್ ಎಲ್ಲ ಸೇರಿ, ಈ ಜಾತಿಯ ಮದ್ದುಗಳ ಅತಿಸೇವನೆಯಿಂದ ಸತ್ತ ಅಮೆರಿಕನ್ನರು ಸುಮಾರು 6.45 ಲಕ್ಷ. ಭಯಂಕರ ಸಂಖ್ಯೆ. ಆದರೆ ಇದು ಹೇಳುವುದೇನು? ಲಾಭಕ್ಕಾಗಿ ಬೇಡದವರಿಗೆಲ್ಲ ಹಂಚಿದರೆ ಅನಾಹುತ ಎಂದು. ಬೇಕಾದವರಿಗೂ ಕೊಡಬಾರದು ಎಂದಲ್ಲ. ಅಲ್ಲಿ ಅಗತ್ಯಕ್ಕಿಂತ ಮೂವತ್ತೊಂದು ಪಟ್ಟು ಹಂಚಿಕೆಯಾದರೆ ಇಲ್ಲಿ ಅಗತ್ಯದ ಶೇ 4 ಮಾತ್ರ ಸಿಗುತ್ತಿತ್ತು ಎಂಬುದು ಅದೇ ಆಯೋಗದ ಲೆಕ್ಕ. ಉಕ್ಕಿ ಹರಿದ ಊರಿನ ಪಾಠವನ್ನು ಬತ್ತಿದ ಊರಿಗೆ ಓದಿ ಹೇಳುವುದರಲ್ಲಿ ಅರ್ಥವಿಲ್ಲ.

ಕೊಡುವವರ ಎಚ್ಚರಿಕೆ ಬೇಕೇ ಬೇಕು. ಪ್ರಮಾಣ ಮೀರಿದರೆ ಮಾರ್ಫಿನ್ ಉಸಿರನ್ನು ಕುಗ್ಗಿಸುತ್ತದೆ. ಮಲಬದ್ಧತೆಯಂತೂ ಹೆಚ್ಚುಕಡಿಮೆ ಎಲ್ಲರಿಗೂ ಬರುತ್ತದೆ, ಅದಕ್ಕೆ ಜೊತೆಯಲ್ಲೇ ಔಷಧಿ ಕೊಡಬೇಕು. ಕಲಿತ ವೈದ್ಯರು ಸಣ್ಣ ಪ್ರಮಾಣದಿಂದ ಶುರು ಮಾಡಿ ಏರಿಸುತ್ತಾರೆ. ಇದು ಇನ್ಸುಲಿನ್ ಕೊಡುವುದಕ್ಕಿಂತ ಕಷ್ಟದ ವಿದ್ಯೆಯೇನಲ್ಲ.

ಇನ್ನೊಂದು ಸುಳಿ ವಿಯೆನ್ನಾದಲ್ಲಿದೆ. 1961ರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಪ್ರತಿ ದೇಶವೂ ಮುಂದಿನ ವರ್ಷಕ್ಕೆ ತನಗೆಷ್ಟು ಮಾರ್ಫಿನ್ ಬೇಕೆಂದು ಅಲ್ಲಿನ ಅಂತರರಾಷ್ಟ್ರೀಯ ಮಾದಕ ವಸ್ತು ನಿಯಂತ್ರಣ ಮಂಡಳಿಗೆ ಮೊದಲೇ ತಿಳಿಸಬೇಕು. ಬಡ ದೇಶದ ಅಧಿಕಾರಿ ಏನು ಮಾಡುತ್ತಾನೆ? ಕಳೆದ ವರ್ಷ ಎಷ್ಟು ಖರ್ಚಾಯಿತೆಂದು ನೋಡಿ ಅಷ್ಟನ್ನೇ ಬರೆಯುತ್ತಾನೆ. ಕಳೆದ ವರ್ಷ ಸಿಕ್ಕಿರಲೇ ಇಲ್ಲ, ಹಾಗಾಗಿ ಖರ್ಚಾಗಿರಲಿಲ್ಲ. ಖರ್ಚಾಗದ್ದರಿಂದ ಈ ವರ್ಷವೂ ಬೇಡ. ಒಂದು ದೇಶದ ನರಳಾಟ ಹೀಗೆ ಕಾಗದದ ಮೇಲೆ ಸೊನ್ನೆಯಾಗುತ್ತದೆ.

ದುಡ್ಡಿನ ಮಾತಿಗೆ ಬಂದರೆ ಆಶ್ಚರ್ಯ ಇನ್ನೂ ಹೆಚ್ಚುತ್ತದೆ. ಅತ್ಯಂತ ಅಗ್ಗದ ಅಂತರರಾಷ್ಟ್ರೀಯ ದರದಲ್ಲಿ 10 ಮಿಲಿಗ್ರಾಂ ಮಾರ್ಫಿನ್‌ಗೆ ಬೀಳುವುದು ಮೂರು ಸೆಂಟ್, ಆಗಿನ ವಿನಿಮಯದಲ್ಲಿ ಎರಡು ರೂಪಾಯಿ. ಜಗತ್ತಿನ ಇಡೀ ಕೊರತೆಯನ್ನು ಆ ದರದಲ್ಲಿ ತುಂಬಿಸಲು ವರ್ಷಕ್ಕೆ ಬೇಕಾದದ್ದು 14.5 ಕೋಟಿ ಡಾಲರ್ ಎಂದು ಆಯೋಗ ಲೆಕ್ಕ ಹಾಕಿತು. ಆಗಿನ ಸಾವಿರ ಕೋಟಿ ರೂಪಾಯಿಗೂ ಕಡಿಮೆ. ಅತಿ ಬಡ ದೇಶಗಳ ಹದಿನೈದು ವರ್ಷದೊಳಗಿನ ಮಕ್ಕಳಿಗಷ್ಟೇ ಆದರೆ ಸುಮಾರು ಹತ್ತು ಲಕ್ಷ ಡಾಲರ್. ಬೆಂಗಳೂರಿನ ಒಳ್ಳೆಯ ಬಡಾವಣೆಯಲ್ಲಿ ಒಂದು ಮನೆಯ ಬೆಲೆ. ಮಾದಕ ವಸ್ತುಗಳನ್ನು ತಡೆಯಲು ಜಗತ್ತಿನ ಸರ್ಕಾರಗಳು ಖರ್ಚು ಮಾಡುವುದು ವರ್ಷಕ್ಕೆ ಸುಮಾರು 10,000 ಕೋಟಿ ಡಾಲರ್ ಎಂಬ ಅಂದಾಜನ್ನು ಪಕ್ಕದಲ್ಲಿಟ್ಟು ನೋಡಿ. ತಡೆಯುವುದಕ್ಕೆ ಸುಮಾರು 690 ರೂಪಾಯಿ ಸುರಿಯುವ ಕಡೆ ಒಂದು ರೂಪಾಯಿ ಕೊಡುವುದಕ್ಕೆ ಇಲ್ಲ.

ಅಗ್ಗವಾಗಿರುವುದೂ ಮಾರ್ಫಿನ್‌ಗೆ ಶಾಪವೇ ಆಗಿದೆ. ಲಾಭವಿಲ್ಲದ ಮಾತ್ರೆಗೆ ಯಾವ ಕಂಪನಿಯ ಮೆಡಿಕಲ್ ರೆಪ್ರೆಸೆಂಟೇಟಿವ್ವೂ ಬ್ಯಾಗು ಹಿಡಿದು ಡಾಕ್ಟರ ಬಾಗಿಲು ಕಾಯುವುದಿಲ್ಲ. ಇಷ್ಟು ಅಗ್ಗದ ಮಾತ್ರೆಗೆ ಬೇರೆ ಬೀರು, ಬೇರೆ ರಿಜಿಸ್ಟರು, ಇನ್‌ಸ್ಪೆಕ್ಟರರ ಭೇಟಿ ಎಂದರೆ ಅಂಗಡಿಯವನು ಯಾಕೆ ಮೈಮೇಲೆ ಎಳೆದುಕೊಳ್ಳುತ್ತಾನೆ? ಜಗತ್ತಿನ ಜೆನೆರಿಕ್ ಔಷಧಿಗಳಲ್ಲಿ ಐದನೇ ಒಂದು ಪಾಲು ಪೂರೈಸುವ ದೇಶ ನಮ್ಮದು ಎಂದು ಹೆಮ್ಮೆಪಡುತ್ತೇವೆ. ಹೆಮ್ಮೆ ಸುಳ್ಳಲ್ಲ. ಹಂಚುವ ಕೈ ಲಾಭದ ದಾರಿಯಲ್ಲೇ ನಡೆಯುತ್ತದೆ ಎಂಬುದೂ ಸುಳ್ಳಲ್ಲ.

ದುಡ್ಡಿಲ್ಲದೆಯೂ ಮಾಡಬಹುದು ಎಂಬುದಕ್ಕೆ ಉಗಾಂಡ ಸಾಕ್ಷಿ. 1993ರಲ್ಲಿ ಅಲ್ಲಿ ಹಾಸ್ಪಿಸ್ ಆಫ್ರಿಕಾ ಶುರು ಮಾಡಿದ ಡಾ. ಆನ್ ಮೆರಿಮನ್ ಮಾತ್ರೆಗೂ ಕಾಯಲಿಲ್ಲ. ಮಾರ್ಫಿನ್ ಪುಡಿಯನ್ನು ನೀರಿನಲ್ಲಿ ಕರಗಿಸಿ, ಕೆಡದಂತೆ ಒಂದಿಷ್ಟು ರಾಸಾಯನಿಕ ಸೇರಿಸಿ, ಗುರುತಿಗೆ ಬಣ್ಣ ಹಾಕಿ ಬಾಟಲಿಗೆ ತುಂಬಿಸಿದರು. ಹಸಿರು ಕಡಿಮೆ ಸತ್ವದ್ದು, ಗುಲಾಬಿ, ನೀಲಿ ಹೆಚ್ಚು ಸತ್ವದ್ದು. ಅಕ್ಷರ ಬಾರದವರಿಗೂ ತಪ್ಪುವುದಿಲ್ಲ. ವೈದ್ಯರು ವಿರಳವಾದ ದೇಶವಾದ್ದರಿಂದ ತರಬೇತಿ ಪಡೆದ ನರ್ಸ್‌ಗಳೂ ಮಾರ್ಫಿನ್ ಬರೆಯಬಹುದು ಎಂದು 2004ರಲ್ಲಿ ಅಲ್ಲಿನ ಕಾನೂನೇ ಬದಲಾಯಿತು. ಅಗತ್ಯದ ಶೇ 11ರಷ್ಟನ್ನು ಆ ಬಡ ದೇಶ ಪೂರೈಸಿತು. ಭಾರತ ಶೇ 4. ಸಾಯುವವರ ಆರೈಕೆಯ ಗುಣಮಟ್ಟದ ಬಗ್ಗೆ 2015ರಲ್ಲಿ ‘ಎಕನಾಮಿಸ್ಟ್’ ಬಳಗ 80 ದೇಶಗಳನ್ನು ಸಾಲಾಗಿ ನಿಲ್ಲಿಸಿದಾಗ ಉಗಾಂಡ 35ನೆಯದು, ಭಾರತ 67ನೆಯದು.

ನಮ್ಮಲ್ಲೂ ಒಂದು ಉಗಾಂಡ ಇದೆ, ಪಕ್ಕದ ಕೇರಳ. ದೇಶದ ಜನಸಂಖ್ಯೆಯಲ್ಲಿ ಶೇ 3ರಷ್ಟಿರುವ ಆ ರಾಜ್ಯದಲ್ಲೇ ದೇಶದ ಪ್ಯಾಲಿಯೇಟಿವ್ ಸೇವೆಯ ಮೂರರಲ್ಲಿ ಎರಡು ಪಾಲು ಇತ್ತು ಎಂದು 2010ರಲ್ಲಿ ಇದೇ ಬಳಗದ ವರದಿ ಬರೆದಿತ್ತು. ಊರಿನ ಸ್ವಯಂಸೇವಕರು ಮನೆಮನೆಗೆ ಹೋಗಿ ರೋಗಿಯನ್ನು ನೋಡಿಕೊಳ್ಳುವ ಪದ್ಧತಿ ಅಲ್ಲಿ ಬೇರೂರಿತು. 2008ರಲ್ಲಿ ಸರ್ಕಾರವೇ ನೀತಿ ಮಾಡಿತು. ಕರ್ನಾಟಕದ ನೀತಿ ಬಂದದ್ದು 2016ರಲ್ಲಿ. ಬೆಂಗಳೂರಿನಲ್ಲಿ ಕ್ಯಾನ್ಸರ್ ಆಸ್ಪತ್ರೆಯಾದ ಕಿದ್ವಾಯಿ ಸಂಸ್ಥೆಯಿದೆ, ಗುಣವಾಗದ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುವ ಕರುಣಾಶ್ರಯವಿದೆ. ಆದರೆ ಬೀದರಿನಿಂದ ಬೆಂಗಳೂರಿಗೆ ಸುಮಾರು 700 ಕಿಲೋಮೀಟರ್. ಮಗ್ಗುಲು ಬದಲಿಸಿದರೆ ಜೀವ ಹೋಗುವಂತಾಗುವವರನ್ನು ರಾತ್ರಿ ಬಸ್ಸಿನಲ್ಲಿ ಕೂರಿಸಿಕೊಂಡು ಬರುವುದು ಹೇಗೆ? ನೋವು ಬೀದರಿನಲ್ಲಿದ್ದರೆ ಮಾತ್ರೆಯೂ ಬೀದರಿನಲ್ಲೇ ಇರಬೇಕು.

ಕಾನೂನಿನ ನೆಪ ಈಗ ಇಲ್ಲ. 2014ರ ಫೆಬ್ರುವರಿಯಲ್ಲಿ ಸಂಸತ್ತು ಎನ್‌ಡಿಪಿಎಸ್ ಕಾಯ್ದೆಗೆ ತಿದ್ದುಪಡಿ ತಂದು ಅಗತ್ಯ ಮಾದಕ ಔಷಧಿಗಳೆಂಬ ಬೇರೆ ವರ್ಗ ಮಾಡಿತು. ಮರುವರ್ಷ ಮಾರ್ಫಿನ್ ಸೇರಿದಂತೆ ಆರು ಔಷಧಿಗಳು ಆ ವರ್ಗಕ್ಕೆ ಸೇರಿದವು, ನಿಯಮಗಳೂ ಬಂದವು. ನಾಲ್ಕೈದು ಮೇಜಿನ ಪರವಾನಗಿ ಹೋಗಿ, ರಾಜ್ಯದ ಔಷಧ ನಿಯಂತ್ರಕರು ಕೊಡುವ ಒಂದೇ ಮಾನ್ಯತೆ ಸಾಕು ಎಂದಾಯಿತು. ತರಬೇತಿ ಪಡೆದ ಒಬ್ಬ ವೈದ್ಯರಿದ್ದರೆ ಯಾವ ಆಸ್ಪತ್ರೆಯೂ ಅರ್ಜಿ ಹಾಕಬಹುದು. ಹೀಗೆ ಮಾನ್ಯತೆ ಪಡೆದ ಆಸ್ಪತ್ರೆಯನ್ನು ವೈದ್ಯರು ‘ಆರ್‌ಎಂಐ’ (ರೆಕಗ್ನೈಸ್ಡ್ ಮೆಡಿಕಲ್ ಇನ್‌ಸ್ಟಿಟ್ಯೂಷನ್) ಎನ್ನುತ್ತಾರೆ.

ಆದ್ದರಿಂದ ಮುಂದಿನ ಸಲ ನಿಮ್ಮ ಜಿಲ್ಲಾಸ್ಪತ್ರೆಗೋ ಹತ್ತಿರದ ವೈದ್ಯಕೀಯ ಕಾಲೇಜಿಗೋ ಹೋದಾಗ ಒಂದು ಪ್ರಶ್ನೆ ಕೇಳಿ: ಇಲ್ಲಿ ಆರ್‌ಎಂಐ ಮಾನ್ಯತೆ ಇದೆಯೇ, ಮಾರ್ಫಿನ್ ಮಾತ್ರೆ ದಾಸ್ತಾನಿದೆಯೇ? ಇಲ್ಲ ಎಂದರೆ ಯಾಕಿಲ್ಲ ಎಂದು ಬರವಣಿಗೆಯಲ್ಲಿ ಕೇಳಿ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ. ಮನೆಯಲ್ಲಿ ಯಾರಾದರೂ ಕ್ಯಾನ್ಸರ್ ನೋವಿನಲ್ಲಿದ್ದರೆ ‘ಇನ್ನೇನೂ ಮಾಡಲಾಗದು, ಮನೆಗೆ ಕರೆದುಕೊಂಡು ಹೋಗಿ’ ಎಂಬ ಮಾತನ್ನು ಕೊನೆಯ ಮಾತೆಂದು ಒಪ್ಪಿಕೊಳ್ಳಬೇಡಿ. ರೋಗಕ್ಕೆ ಮದ್ದು ಮುಗಿದಿರಬಹುದು. ನೋವಿಗೆ ಇದೆ, ಅದಕ್ಕೆ ಕೆಲವೇ ರೂಪಾಯಿ ಸಾಕು, ಅದು ಬೆಳೆಯುವುದೂ ನಮ್ಮ ದೇಶದ ಹೊಲದಲ್ಲೇ.